ಗಾಲಿಯ ಸುತ್ತು, ಮೀಟರಿನ ಲೆಕ್ಕ

ಮಕ್ಕಳೇ, ಕಾರಿನಲ್ಲಿ ಅಥವಾ ಜೀಪಿನಲ್ಲಿ ಚಾಲಕರ ಎದುರಿಗಿರುವ ದುಂಡಗಿನ ಮೀಟರನ್ನು ನೀವು ನೋಡಿರಬಹುದು. ಗಾಡಿ ಓಡತೊಡಗಿದಂತೆ ಅದರ ಮುಳ್ಳು 20, 40, 60 ಎಂದು ಮೇಲೇರುತ್ತದೆ. ಇದೇ ವೇಗಮಾಪಕ. ಮುಳ್ಳು 60ರಲ್ಲಿ ನಿಂತಿದ್ದರೆ, ಅದೇ ವೇಗದಲ್ಲಿ ಒಂದು ಗಂಟೆ ಓಡಿದಾಗ 60 ಕಿಲೋಮೀಟರ್ ದೂರ ಹೋಗುತ್ತೇವೆ ಎಂದರ್ಥ. ಆದರೆ ಈ ಮೀಟರಿಗೆ ರಸ್ತೆ ಕಾಣುವುದಿಲ್ಲ. ಹಾಗಾದರೆ ಅದಕ್ಕೆ ವೇಗ ತಿಳಿಯುವುದು ಹೇಗೆ?

ಗಾಲಿಯ ಸುತ್ತುಗಳನ್ನು ಎಣಿಸಿ! ನಿಮ್ಮ ಸೈಕಲ್ಲಿನಿಂದಲೇ ಇದನ್ನು ತಿಳಿಯಬಹುದು. ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಗುರುತು ನೆಲಕ್ಕೆ ತಾಗುವಲ್ಲಿ ಒಂದು ಗೆರೆ ಎಳೆಯಿರಿ. ಸೈಕಲ್ಲನ್ನು ನೇರವಾಗಿ ತಳ್ಳಿಕೊಂಡು ಹೋಗಿ. ಗುರುತು ಮತ್ತೆ ನೆಲಕ್ಕೆ ತಾಗಿದಲ್ಲಿ ಇನ್ನೊಂದು ಗೆರೆ ಎಳೆದು ನಡುವಿನ ದೂರವನ್ನು ಅಳೆಯಿರಿ. ಇದು ಗಾಲಿಯ ಸುತ್ತಳತೆ. ದೊಡ್ಡವರ 26 ಇಂಚಿನ ಸೈಕಲ್ಲಿನಲ್ಲಿ ಇದು ಸುಮಾರು 2 ಮೀಟರ್. ಮಕ್ಕಳ 20 ಇಂಚಿನ ಸೈಕಲ್ಲಿನಲ್ಲಿ ಸುಮಾರು 1 ಮೀಟರ್ 60 ಸೆಂಟಿಮೀಟರ್. ಸುತ್ತು ಒಂದೇ, ದೂರ ಬೇರೆ.

ಸುತ್ತು ಎಣಿಸಿ ದೂರ ಅಳೆಯುವ ಉಪಾಯ ಬಹಳ ಹಳೆಯದು. ಸುಮಾರು 2000 ವರ್ಷಗಳ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಅಂಥದೊಂದು ಬಂಡಿಯ ವಿಷಯ ಬರೆದಿದ್ದಾನೆ. ಅದರ ಗಾಲಿ 400 ಸುತ್ತು ತಿರುಗಿದರೆ ರೋಮಿನವರ ಲೆಕ್ಕದಲ್ಲಿ ಒಂದು ಮೈಲಿ. ಆಗ ಹಲ್ಲುಚಕ್ರಗಳು ತಿರುಗಿ ಒಂದು ಕಲ್ಲು ಕಂಚಿನ ಪಾತ್ರೆಯೊಳಗೆ ಠಣ್ ಎಂದು ಬೀಳುವಂತೆ ಏರ್ಪಾಡು. ಬಿದ್ದ ಕಲ್ಲುಗಳನ್ನು ಎಣಿಸಿದರೆ ಎಷ್ಟು ಮೈಲಿ ಬಂದೆವೆಂದು ಗೊತ್ತಾಗುತ್ತದೆ. ಈ ಬಂಡಿಗೆ ಯಾರಾದರೂ ದೊಡ್ಡ ಗಾಲಿ ಜೋಡಿಸಿದರೆ ಏನಾದೀತು? ಆಗಲೂ 400 ಸುತ್ತಿಗೆ ಒಂದೇ ಕಲ್ಲು ಬೀಳುತ್ತದೆ. ಬಂಡಿ ಮಾತ್ರ ಮೈಲಿಯನ್ನು ದಾಟಿ ಮುಂದೆ ಹೋಗಿರುತ್ತದೆ!

ಕಾರಿನಲ್ಲಿಯೂ ಹೀಗೆಯೇ. ಹಳೆಯ ಕಾರುಗಳಲ್ಲಿ ತಿರುಗುವ ಕೇಬಲ್ಲೊಂದು ಮೀಟರಿಗೆ ಸುತ್ತುಗಳ ಸುದ್ದಿ ಮುಟ್ಟಿಸುತ್ತಿತ್ತು. ಈಗ ಆ ಕೆಲಸವನ್ನು ಸೆನ್ಸರ್ ಮಾಡುತ್ತದೆ. ಕಾರ್ಖಾನೆಯವರು ಮೀಟರನ್ನು ಒಂದು ಅಳತೆಯ ಗಾಲಿಗೆ ಹೊಂದಿಸಿರುತ್ತಾರೆ. ಒಂದು ಸುತ್ತಿಗೆ 2 ಮೀಟರ್ ಎಂದು ಹೊಂದಿಸಿದ್ದರೆ 500 ಸುತ್ತಿಗೆ 1 ಕಿಲೋಮೀಟರ್. ಈಗ 2 ಮೀಟರ್ 10 ಸೆಂಟಿಮೀಟರ್ ಸುತ್ತಳತೆಯ ಗಾಲಿ ಹಾಕಿದಿರಿ ಎನ್ನೋಣ. 500 ಸುತ್ತಿಗೆ ಕಾರು 1050 ಮೀಟರ್ ಓಡುತ್ತದೆ. ಮೀಟರಿಗೆ ಇದರ ಸುಳಿವೇ ಇಲ್ಲ. ಅದು 60 ತೋರಿಸುವಾಗ ನಿಜವಾದ ವೇಗ 63! ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಈ ಕಾರಿನಲ್ಲಿ ಹೋದರೆ ಮೀಟರಿನಲ್ಲಿ 38 ಮಾತ್ರ ಏರುತ್ತದೆ.

ಮೂರು ಕಿಲೋಮೀಟರಿನಿಂದ ಏನಾದೀತು ಎನ್ನಬೇಡಿ. 60ರ ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ ನಿಲ್ಲಲು 20 ಮೀಟರ್ ಬೇಕಾದರೆ, 63ರಲ್ಲಿ 22 ಮೀಟರ್ ಬೇಕು. ಶಾಲೆಯ ಮುಂದೆ ರಸ್ತೆ ದಾಟುವವರಿಗೆ ಆ 2 ಮೀಟರ್ ದೊಡ್ಡದು. ನೋಡಲು ಚೆಂದ ಎಂದು ದೊಡ್ಡ ಗಾಲಿ ಹಾಕಿಸುವವರು ಇದನ್ನು ಯೋಚಿಸುವುದು ಕಡಿಮೆ.

ಗಾಲಿ ಚಿಕ್ಕದಾದರೆ ಲೆಕ್ಕ ತಿರುವುಮುರುವು. ಮೀಟರ್ ಹೆಚ್ಚು ತೋರಿಸುತ್ತದೆ, ಗಾಡಿ ನಿಧಾನ ಓಡುತ್ತದೆ. ಟೈರು ಸವೆದಾಗಲೂ ಸ್ವಲ್ಪ ಹೀಗಾಗುತ್ತದೆ.

ಇಲ್ಲೊಂದು ಸೋಜಿಗವಿದೆ. ನಡುವಿನ ಲೋಹದ ಚಕ್ರ ದೊಡ್ಡದಾದರೂ ಮೀಟರ್ ಕೆಡದಂತೆ ಮಾಡಬಹುದು. ಟೈರಿನ ಮೇಲೆ 165/80 ಆರ್ 14 ಎಂಬಂತಹ ಬರಹವಿರುತ್ತದೆ. ಕೊನೆಯ 14 ಲೋಹದ ಚಕ್ರದ ಇಂಚಿನ ಅಳತೆ. 185/65 ಆರ್ 15 ಎಂಬ ಟೈರಿನಲ್ಲಿ ಚಕ್ರ ಒಂದು ಇಂಚು ದೊಡ್ಡದು, ಆದರೆ ಸುತ್ತಲಿನ ರಬ್ಬರಿನ ಎತ್ತರ ಕಡಿಮೆ. ಆದ್ದರಿಂದ ಎರಡೂ ಗಾಲಿಗಳ ಒಟ್ಟು ಎತ್ತರ ಸುಮಾರು 62 ಸೆಂಟಿಮೀಟರ್! ಮೀಟರಿಗೆ ಬೇಕಾದುದು ನೆಲಕ್ಕೆ ತಾಗುವ ಹೊರಗಿನ ಸುತ್ತಳತೆ ಮಾತ್ರ.

ಮೀಟರಿನ ಲೆಕ್ಕವನ್ನು ನೀವೂ ಪರೀಕ್ಷಿಸಬಹುದು. ಹೆದ್ದಾರಿಯಲ್ಲಿ ಕಿಲೋಮೀಟರಿಗೊಂದು ಕಲ್ಲು ಇರುತ್ತದೆ. ಮುಳ್ಳು 60ರಲ್ಲಿ ಅಲುಗದೆ ನಿಂತಿದ್ದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಒಂದು ನಿಮಿಷ ಬೇಕು. ಮೀಟರುಗಳನ್ನು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು ತೋರಿಸುವಂತೆ ಮಾಡಿರುವುದರಿಂದ ಕೆಲವು ಸೆಕೆಂಡು ಹೆಚ್ಚಾಗಬಹುದು. ಗಡಿಯಾರ ಹಿಡಿದು ಐದಾರು ಕಲ್ಲು ನೋಡಿ. ಪ್ರತಿ ಸಲವೂ ಕಲ್ಲು 57 ಸೆಕೆಂಡಿಗೇ ಬಂದುಬಿಟ್ಟರೆ, ಗಾಡಿ ನಿಂತ ಮೇಲೆ ಇಳಿದು ಟೈರಿನ ಮೇಲಿನ ಅಂಕಿಗಳನ್ನು ಓದಿ.