ಸಿಯಾಟಲ್‌ನಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಹೊತ್ತು?



"ನಿಮ್ಮೂರಿಗೆ ಎಷ್ಟು ಗಂಟೆ ಫ್ಲೈಟು?" ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ಬಾಯಿಗೆ ಬಂದ ಸಂಖ್ಯೆ ಹೇಳಿ ಸುಮ್ಮನಾಗಬಹುದು. ಆದರೆ ಅದೇ ಪ್ರಶ್ನೆಯನ್ನು ಊರಿನಿಂದ ಅಣ್ಣನೋ ಚಿಕ್ಕಪ್ಪನೋ ನಡುರಾತ್ರಿ ಫೋನ್ ಮಾಡಿ ಕೇಳಿದಾಗ ಸರಿಯಾದ ಉತ್ತರವೇ ಬೇಕು. ಅದಕ್ಕೇ ಈ ಲೆಕ್ಕ.

ಮೊದಲು ದೂರ. ಮಕ್ಕಳ ಗ್ಲೋಬ್ ತೆಗೆದುಕೊಂಡು ಸಿಯಾಟಲ್‌ನಿಂದ ಬೆಂಗಳೂರಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಪೆಸಿಫಿಕ್ ಸಾಗರದ ಕಡೆ ಹೋಗುವುದೇ ಇಲ್ಲ! ಉತ್ತರಕ್ಕೆ ಅಲಾಸ್ಕ ದಾಟಿ, 75 ಡಿಗ್ರಿ ಅಕ್ಷಾಂಶದವರೆಗೆ ಏರಿ, ಸೈಬೀರಿಯ, ಮಂಗೋಲಿಯ, ಟಿಬೆಟ್, ನೇಪಾಳದ ಮೇಲೆ ಇಳಿದು ಬರುತ್ತದೆ. ಇದೇ ಅತಿ ಹತ್ತಿರದ ದಾರಿ: ಸುಮಾರು 13,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ, ಏರಿಳಿಯುವ ಸಮಯವೂ ಸೇರಿ, 15 ಗಂಟೆ.

ಈ ನೇರ ವಿಮಾನ ನಮಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು. ಅಮೆರಿಕನ್ ಏರ್‌ಲೈನ್ಸ್ 2020ರ ಫೆಬ್ರವರಿಯಲ್ಲಿ ಇದನ್ನು ಘೋಷಿಸಿ, ಅದೇ ಅಕ್ಟೋಬರ್‌ಗೆ ಶುರು ಎಂದಿತ್ತು. ಕೊರೋನಾ ಬಂದು ಮುಂದೆ ಹೋಯಿತು, ಕೊನೆಗೂ ಹಾರಲಿಲ್ಲ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶವೂ ಮುಚ್ಚಿತು.

ಹಾಗಾದರೆ ಸುತ್ತಿ ಹೋಗುವುದರಿಂದ ಎಷ್ಟು ನಷ್ಟ? ಟೋಕಿಯೋ ಮೂಲಕ ನೇರ ಗೆರೆಯ ಲೆಕ್ಕ ಸುಮಾರು 14,400 ಕಿ.ಮೀ., ದುಬೈ ಮೂಲಕ 14,600, ಫ್ರಾಂಕ್‌ಫರ್ಟ್ ಮೂಲಕ 15,600. ಅಂದರೆ ಹೆಚ್ಚುವರಿ ದೂರ ಎರಡು ಮೂರು ಗಂಟೆಯ ಹಾರಾಟ ಮಾತ್ರ. ಸಮಯ ತಿನ್ನುವುದು ಆಕಾಶವಲ್ಲ, ನೆಲ!

ನನ್ನೂರು ಹಾಸನ, ಮನೆ ಕೆನ್ಮೋರ್. ದುಬೈ ದಾರಿಯಲ್ಲಿ ನನ್ನ ಲೆಕ್ಕ ಹೀಗಿದೆ:

ಮನೆಯಿಂದ ಸೀ-ಟ್ಯಾಕ್ – 1 ಗಂಟೆ
ಚೆಕ್-ಇನ್, ಸೆಕ್ಯೂರಿಟಿ – 3
ದುಬೈವರೆಗೆ – 14½
ಅಲ್ಲಿ ಕಾಯುವುದು – 4
ಬೆಂಗಳೂರಿಗೆ – 4
ಇಮಿಗ್ರೇಷನ್, ಲಗೇಜು – 1½
ದೇವನಹಳ್ಳಿಯಿಂದ ಹಾಸನ – 5

ಒಟ್ಟು 33 ಗಂಟೆ. ಇದರಲ್ಲಿ 14½ ಗಂಟೆ ನೆಲದ ಮೇಲೇ! ನೇರ ವಿಮಾನ ಇದ್ದಿದ್ದರೂ ಉಳಿಯುತ್ತಿದ್ದುದು ಏಳೆಂಟು ಗಂಟೆ ಅಷ್ಟೆ.

ಇದಕ್ಕೆ ಗಡಿಯಾರದ ವ್ಯತ್ಯಾಸ ಸೇರಿಸಿ: ಬೇಸಿಗೆಯಲ್ಲಿ 12½ ಗಂಟೆ, ಚಳಿಗಾಲದಲ್ಲಿ 13½. ಜುಲೈನಲ್ಲಿ ಶನಿವಾರ ಬೆಳಿಗ್ಗೆ 9ಕ್ಕೆ ಕೆನ್ಮೋರ್ ಬಿಟ್ಟರೆ ಹಾಸನ ತಲುಪುವುದು ಸೋಮವಾರ ಬೆಳಿಗ್ಗೆ ಆರೂವರೆಗೆ. ಟಿಕೆಟ್ ಸಿಗುವ ಹೊತ್ತು ಬೇರೆ.

ಊರಿನಲ್ಲಿ ಹಿರಿಯರು ತೀರಿಕೊಂಡಾಗ "ನಿನಗಾಗಿ ಕಾಯೋಣವೇ?" ಎಂದು ಕೇಳುತ್ತಾರೆ. ಆಗ "18 ಗಂಟೆ ಫ್ಲೈಟು" ಎಂದರೆ ಅವರು ಮಾರನೆಯ ದಿನವೇ ದಾರಿ ನೋಡುತ್ತಾರೆ. "ಸೋಮವಾರ ಬೆಳಿಗ್ಗೆ" ಎಂದು ದಿನ, ಹೊತ್ತು ಹೇಳಿದರೆ ಕಾಯುವುದೋ ಬೇಡವೋ ಎಂದು ಅವರು ನಿರ್ಧರಿಸಬಹುದು. ಹೇಳುವುದು ಕಷ್ಟ, ಆದರೆ ಅವರಿಗೆ ನಾವು ಕೊಡಬಹುದಾದ ಸಹಾಯ ಅದೇ.

ನಿಮ್ಮ ಊರಿನ ಲೆಕ್ಕವನ್ನು ಇವತ್ತೇ ಬರೆದು ಫ್ರಿಜ್ ಮೇಲೆ ಅಂಟಿಸಿ. ಪಾಸ್‌ಪೋರ್ಟ್, ಮಕ್ಕಳ ಓಸಿಐ ಕಾರ್ಡ್ ಒಂದೇ ಕಡೆ ಇಡಿ. ಎಚ್-1ಬಿಯಲ್ಲಿ ಇರುವವರು ವಾಪಸ್ ಬರಲು ವೀಸಾ ಸ್ಟಾಂಪ್ ಇದೆಯೇ ನೋಡಿಕೊಳ್ಳಿ.

ಎಲ್ಲರ ಮುಂದಿನ ಪ್ರಯಾಣ ಮದುವೆಗೋ ಹಬ್ಬಕ್ಕೋ ಆಗಿರಲಿ!