ಆಲೆಮನೆ ಪುಸ್ತಕದಲ್ಲಿ ಇಲ್ಲದ ಕೂಲಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಆಲೆಮನೆ ನಡೆಸೋ ಮನೆಗಳ ಕಷ್ಟ ಒಂದೇ: ಬೆಲ್ಲ ಮಂಡಿಗೆ ಹೋಗ್ತಾನೇ ಇದೆ, ದುಡ್ಡು ಮನೇಲಿ ನಿಲ್ತಿಲ್ಲ.

ಲೆಕ್ಕ ನೋಡಿ. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆ.ಜಿ. ಬೆಲ್ಲ. ಕಬ್ಬು ಟನ್ನಿಗೆ 3,000 ರೂಪಾಯಿ ಅಂತಿಟ್ಟುಕೊಂಡರೆ, ಕೆ.ಜಿ. ಬೆಲ್ಲದ ಮೇಲೆ ಕಬ್ಬಿನದೇ 30 ರೂಪಾಯಿ. ಆಮೇಲೆ ಆಳಿನ ಕೂಲಿ, ಕರೆಂಟು, ಸಾಗಾಣಿಕೆ. ಸ್ವಂತ ಗದ್ದೆ ಕಬ್ಬಾದರೂ ಬೆಲೆ ಹಾಕಲೇಬೇಕು; ಕಾರ್ಖಾನೆಗೆ ಕೊಟ್ಟಿದ್ದರೆ ದುಡ್ಡು ಬರ್ತಿತ್ತಲ್ಲ!

ನನಗೆ ತುಂಬಾ ನೋವಾಗೋದು ಇದು. ಗಾಣದ ಹತ್ತಿರ ಅಪ್ಪ, ಕೊಪ್ಪರಿಗೆ ಹತ್ತಿರ ಮಗ, ಕೆಲಸದವರಿಗೆಲ್ಲ ಅಡುಗೆ ಮಾಡಿ ಹಾಕೋದು ಅವ್ವ. ಮೂವರ ಕೂಲಿಯೂ ಲೆಕ್ಕದ ಪುಸ್ತಕದಲ್ಲಿಲ್ಲ. ದಯವಿಟ್ಟು ಬರೀರಿ. ಅವ್ವನದನ್ನ ಮೊದಲು ಬರೀರಿ. ಅದೆಲ್ಲ ಕಳೆದ ಮೇಲೂ ಉಳಿದರೆ ಮಾತ್ರ ಲಾಭ.

ಮನೆ ಖರ್ಚಿಗೆ ತಿಂಗಳಿಗೆ ಇಷ್ಟು ಅಂತ ತೆಗೆದಿಡಿ. ವ್ಯಾಪಾರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಮದುವೆ, ಹಬ್ಬ ಬಂದರೂ ಅದನ್ನ ಮುಟ್ಟಬೇಡಿ.

ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಯ ಕೈಸಾಲ ಇದೆಯಾ? ವರ್ಷಕ್ಕೆ ಶೇ. 36 ಆಯ್ತು. ಮೊದಲು ತೀರಬೇಕಾದ್ದು ಅದೇ.

ಹಳೇ ಗಾಣ ಬದಲಿಸಬೇಕಾ? ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆರಿಸಿರೋ ಉತ್ಪನ್ನ ಬೆಲ್ಲವೇ. ಯೋಜನೆಯ ಮೂಲ ಸಹಾಯಧನ ಶೇ. 35, ಗರಿಷ್ಠ 10 ಲಕ್ಷ, ಅದೂ ಬ್ಯಾಂಕ್ ಸಾಲದ ಜೊತೆಗೆ. ಈಗ ಅರ್ಜಿ ತಗೋತಿದ್ದಾರಾ ಅಂತ ಕೃಷಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಸಹಿ ಹಾಕೋ ಮುಂಚೆ, ಕಂತು ಕಟ್ಟೋಕೆ ಎಷ್ಟು ಟನ್ ಅರೆಯಬೇಕು ಅಂತ ಲೆಕ್ಕ ಹಾಕಿ. ಗಾಣ ನಿಂತಿರೋ ತಿಂಗಳುಗಳನ್ನೂ ಸೇರಿಸಿ.