ಒಂದೇ ಡೋಸ್, ಬೇರೆ ಬೇರೆ ಮೈ

ಸ್ತನ ಉಳಿಸಿ ಗಡ್ಡೆಯನ್ನಷ್ಟೇ ತೆಗೆದ ಮೇಲೆ, ಜನ ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣ ಚಿಕಿತ್ಸೆ ಶುರುವಾಗುತ್ತದೆ. ದಶಕಗಳ ಕಾಲ ಅದರ ಲೆಕ್ಕ 50 ಗ್ರೇ (ಗ್ರೇ ಎಂದರೆ ವಿಕಿರಣ ಡೋಸಿನ ಅಳತೆ), 25 ಸಿಟ್ಟಿಂಗ್, ಐದು ವಾರ. ಬ್ರಿಟನ್ನಿನ ಅಧ್ಯಯನಗಳಿಂದ ಅದು 40 ಗ್ರೇ, 15 ಸಿಟ್ಟಿಂಗ್‌ಗೆ ಇಳಿಯಿತು. 2020ರಲ್ಲಿ ಪ್ರಕಟವಾದ ಫಾಸ್ಟ್-ಫಾರ್ವರ್ಡ್ ಅಧ್ಯಯನ, 26 ಗ್ರೇ ಕೊಟ್ಟು 5 ಸಿಟ್ಟಿಂಗ್‌ನಲ್ಲೇ ಮುಗಿಸಬಹುದೆಂದು ತೋರಿಸಿತು. ಊರು ಬಿಟ್ಟು ಬೆಂಗಳೂರಿನಲ್ಲಿ ರೂಮು ಹಿಡಿದ ಕುಟುಂಬಕ್ಕೆ 25ಕ್ಕೂ 5ಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ.

ಸಿಟ್ಟಿಂಗ್ ಇಳಿದರೂ ಡೋಸ್ ಮಾತ್ರ ಎಲ್ಲರಿಗೂ ಒಂದೇ. ಯೋಜನೆ ಹಾಕುವಾಗ ಭೌತಶಾಸ್ತ್ರಜ್ಞರು ಸ್ತನದೊಳಗಿನ ಡೋಸ್, ವೈದ್ಯರು ಬರೆದ ಡೋಸಿನ ಶೇಕಡಾ 95ರಿಂದ 107ರ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. ಕಿರಣವನ್ನು ಇಷ್ಟು ಬಿಗಿಯಾಗಿ ಅಳೆಯುತ್ತೇವೆ, ಅದನ್ನು ತಾಳುವ ಮೈಯನ್ನು ಅಳೆಯುವುದೇ ಇಲ್ಲ. ಕೆಲವರಿಗೆ ಚರ್ಮ ಕೆಂಪಾಗಿ ವಾಸಿಯಾಗುತ್ತದೆ. ಕೆಲವರಿಗೆ ವರ್ಷಗಳಾದ ಮೇಲೆ ಸ್ತನವೇ ಗಟ್ಟಿಯಾಗಿ ಕುಗ್ಗುತ್ತದೆ.

ಮೈಯನ್ನೂ ಅಳೆಯಲು ಹೊರಟವರು ಫ್ರಾನ್ಸಿನವರು. ರಕ್ತದ ಮಾದರಿಗೆ 8 ಗ್ರೇ ವಿಕಿರಣ ಹಾಯಿಸಿ, ಎರಡು ದಿನ ಬಿಟ್ಟು, ಸಿಡಿ8 ಬಿಳಿ ರಕ್ತಕಣಗಳಲ್ಲಿ ಶೇಕಡಾ ಎಷ್ಟು ಸತ್ತವೆಂದು ಎಣಿಸುವ ಪರೀಕ್ಷೆಯದು, ಹೆಸರು ರೀಲಾ. ಫಲಿತಾಂಶ ಓದುವುದು ತಲೆಕೆಳಗು: ಕಣಗಳು ಹೆಚ್ಚು ಸತ್ತಷ್ಟೂ ಸ್ತನಕ್ಕೆ ಅಪಾಯ ಕಡಿಮೆ. ಹತ್ತು ಕೇಂದ್ರಗಳಲ್ಲಿ 502 ಮಹಿಳೆಯರನ್ನು ಸೇರಿಸಿಕೊಂಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕ 456 ಮಂದಿಯಲ್ಲಿ 64 ಜನರಿಗೆ, ಅಂದರೆ 14 ಶೇಕಡಾ ಮಂದಿಗೆ, ಎರಡನೇ ದರ್ಜೆಯ ಅಥವಾ ಅದಕ್ಕೂ ಮೇಲಿನ ಗಟ್ಟಿತನ ಬಂದಿತ್ತು.

ರೀಲಾ 20 ಶೇಕಡಾ ಅಥವಾ ಹೆಚ್ಚಿದ್ದವರಲ್ಲಿ ನೂರಕ್ಕೆ 91 ಮಂದಿ ಪಾರಾದರು. 12ಕ್ಕಿಂತ ಕಡಿಮೆ ಇದ್ದವರಲ್ಲಿ ತೊಂದರೆ ಕಂಡದ್ದು ನೂರಕ್ಕೆ 22 ಮಂದಿಗೆ ಮಾತ್ರ. ಕಡಿಮೆ ಬಂದವರಿಗೆಲ್ಲ ಡೋಸ್ ಇಳಿಸಿದೆವು ಎನ್ನಿ. ಅವರಲ್ಲಿ ನೂರಕ್ಕೆ 78 ಮಂದಿಗೆ ಆ ಇಳಿತ ಬೇಕಿರಲೇ ಇಲ್ಲ. ಯಾರಿಗೆ ಭಯ ಬೇಡ ಎಂದು ಹೇಳುವಷ್ಟು ಗಟ್ಟಿಯಾಗಿ, ಯಾರಿಗೆ ತೊಂದರೆ ಖಚಿತ ಎಂದು ಈ ಪರೀಕ್ಷೆ ಹೇಳಲಾರದು. ಹಾಗಾಗಿ ಮುಖ್ಯ ಡೋಸನ್ನು ಇದರ ಮಾತು ಕೇಳಿ ಇಳಿಸುವುದು ನನಗೆ ಸರಿ ಕಾಣುವುದಿಲ್ಲ.

ಇದಕ್ಕೆ ಕೆಲಸವಿರುವುದು ಬೂಸ್ಟ್‌ನಲ್ಲಿ, ಗಡ್ಡೆಯಿದ್ದ ಜಾಗಕ್ಕೆ ಮೇಲಿಂದ ಕೊಡುವ ಹೆಚ್ಚುವರಿ ಡೋಸಿನಲ್ಲಿ. ಯುರೋಪಿನ ಇಒಆರ್‌ಟಿಸಿ ಅಧ್ಯಯನದ 20 ವರ್ಷಗಳ ಲೆಕ್ಕದಲ್ಲಿ 16 ಗ್ರೇ ಬೂಸ್ಟ್‌ನಿಂದ ಅದೇ ಸ್ತನದಲ್ಲಿ ಕ್ಯಾನ್ಸರ್ ಮರುಕಳಿಸುವುದು 16.4ರಿಂದ 12 ಶೇಕಡಾಕ್ಕೆ ಇಳಿಯಿತು. ತೀವ್ರ ಗಟ್ಟಿತನ 1.8ರಿಂದ 5.2ಕ್ಕೆ ಏರಿತು. ನಲವತ್ತು ದಾಟದವರಲ್ಲಿ ಮರುಕಳಿಕೆ 36ರಿಂದ 24.4ಕ್ಕೆ ಇಳಿದಿದೆ, ಅವರ ರೀಲಾ ಎಷ್ಟೇ ಬರಲಿ, ಬೂಸ್ಟ್ ಬಿಡುವ ಮಾತಿಲ್ಲ. ಅರವತ್ತು ದಾಟಿದವರಲ್ಲಿ ಇಳಿತ 12.7ರಿಂದ 9.7ಕ್ಕೆ, ಮೂರೇ ಅಂಶ. ಅಂಥವರ ರೀಲಾ 12ಕ್ಕಿಂತ ಕೆಳಗಿದ್ದರೆ ಬೂಸ್ಟ್ ಬೇಕೇ ಎಂದು ವೈದ್ಯರು ಅವರೊಡನೆ ಕೂತು ಮಾತಾಡಬಹುದು. ರಕ್ತಪರೀಕ್ಷೆಗೆ ಹಾಕಿದ ದುಡ್ಡು ವಸೂಲಾಗುವುದಿದ್ದರೆ ಅಲ್ಲಿಯೇ.